ಸಿಪ್ಪೆ ಕಳಚಿಕೊಂಡ ಕಾಳು: ಸೋಯಾ ಪ್ರೋಟೀನ್ ಪುಡಿಯನ್ನು ಇಡುವ, ಮುಟ್ಟುವ ಬಗೆ

(ಹಿಂದೂಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಾಠ)



ದತ್ತಿ ಉಪನ್ಯಾಸವೆಂದರೆ ಶಾಸನವೋ ವಚನವೋ ಇರಬೇಕೆಂಬ ನಿರೀಕ್ಷೆ ಸಹಜ. ಅದರಲ್ಲೂ ಈ ಊರಿನಲ್ಲಿ. ಒಂದು ಕಡೆ ಲೇಪಾಕ್ಷಿ, ಇನ್ನೊಂದು ಕಡೆ ನೊಳಂಬರು ಆಳಿದ ಹೇಮಾವತಿ. ಕಲ್ಲು ಮುಟ್ಟಿದರೆ ಕನ್ನಡ ಸಿಗುವ ನೆಲವಿದು. ಆ ಕಲ್ಲುಗಳನ್ನು ಓದಬಲ್ಲವರು ಈ ಸಭೆಯಲ್ಲೇ ಕುಳಿತಿದ್ದಾರೆ. ನಾನು ಓದಿಕೊಂಡಿರುವುದು ಹಿಟ್ಟನ್ನು. ಕಾಳನ್ನು ಪುಡಿ ಮಾಡುವ, ಚೀಲಕ್ಕೆ ತುಂಬುವ, ತುಂಬಿದ್ದು ಕೆಡದಂತೆ ನೋಡಿಕೊಳ್ಳುವ ಕೆಲಸದಲ್ಲಿ ನನ್ನ ದುಡಿಮೆಯ ವರ್ಷಗಳೆಲ್ಲ ಕಳೆದವು. ಆದ್ದರಿಂದ ಇಂದಿನ ವಿಷಯ ಸೋಯಾ ಪ್ರೋಟೀನ್ ಪುಡಿ. ಮೊದಲು, ಕಾಳು ಪುಡಿಯಾದಾಗ ಏನೇನು ಕಳೆದುಕೊಳ್ಳುತ್ತದೆ ಎಂಬುದನ್ನು ನೋಡೋಣ. ಆಮೇಲೆ ಗೋದಾಮಿಗೆ ಹೋಗೋಣ. ಅಲ್ಲಿಂದ ಚೀಲ ಬಿಚ್ಚುವ ಕೈಗಳ ಹತ್ತಿರ, ಕೊನೆಗೆ ಅಡುಗೆಮನೆಯ ಡಬ್ಬಿಯ ಹತ್ತಿರ.

ಸೋಯಾ ಈ ಸೀಮೆಯ ಬೆಳೆಯಲ್ಲ. ಮಧ್ಯಪ್ರದೇಶ, ಮಹಾರಾಷ್ಟ್ರ, ನಮ್ಮ ಬೀದರ, ಬೆಳಗಾವಿ, ಧಾರವಾಡದ ಕಡೆ ಬೆಳೆಯುತ್ತದೆ. ಆದರೂ ಅದನ್ನು ತಿನ್ನದ ಮನೆ ಇಲ್ಲಿ ಕಡಿಮೆ. ಅಂಗಡಿಯಲ್ಲಿ ನಾವು ‘ಮೀಲ್ ಮೇಕರ್’ ಎಂದು ಕೇಳಿ ತರುತ್ತೇವಲ್ಲ, ಪಲಾವಿಗೆ ಹಾಕುವ ಆ ಉಂಡೆ, ಎಣ್ಣೆ ತೆಗೆದ ಸೋಯಾ ಹಿಟ್ಟನ್ನು ಬಿಸಿ ಯಂತ್ರದಲ್ಲಿ ಒತ್ತಿ ಉಬ್ಬಿಸಿದ್ದು. ಎಣ್ಣೆ ತೆಗೆದ ಹಿಟ್ಟಿನಲ್ಲಿ ನೂರಕ್ಕೆ ಸುಮಾರು 50 ಪಾಲು ಪ್ರೋಟೀನು. ಅದರಿಂದ ಸಕ್ಕರೆಯ ಅಂಶ ತೊಳೆದು ತೆಗೆದರೆ ‘ಕಾನ್ಸಂಟ್ರೇಟ್’, ಸುಮಾರು 65ರಿಂದ 70. ಇನ್ನೂ ಶುದ್ಧಗೊಳಿಸಿದರೆ ‘ಐಸೊಲೇಟ್’, 90ರ ಆಸುಪಾಸು. ಬೇಕರಿಯ ಬಿಸ್ಕತ್ತು, ಜಿಮ್ಮಿನ ಹುಡುಗರು ಕಲಸಿ ಕುಡಿಯುವ ಪುಡಿ, ಮುದುಕರಿಗೆ ಡಾಕ್ಟರು ಬರೆದುಕೊಡುವ ಡಬ್ಬಿ, ಎಲ್ಲದರಲ್ಲೂ ಈ ಮೂರರಲ್ಲಿ ಒಂದಲ್ಲ ಒಂದು ಇರಬಹುದು. ಹಸಿ ಸೋಯಾ ಕಾಳನ್ನು ಮನೆಯಲ್ಲೇ ಬೀಸಿ ಹಾಗೇ ಕಲಸಿ ಕುಡಿಯುವವರಿಗೆ ಒಂದು ಮಾತು: ಅದರಲ್ಲಿ ನಮ್ಮ ಜೀರ್ಣರಸವನ್ನೇ ತಡೆಯುವ ಅಂಶಗಳಿವೆ. ಬೇಯಬೇಕು, ಇಲ್ಲವೆ ಚೆನ್ನಾಗಿ ಬಿಸಿಯಲ್ಲಿ ಹದಗೊಳ್ಳಬೇಕು.

ಈಗ ಮೊದಲ ಭಾಗಕ್ಕೆ ಬರುತ್ತೇನೆ.

ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದಲ್ಲಿ ತೋಡಿದ ಗುಳಿ, ಒಳಗೆ ಹುಲ್ಲು, ಮೇಲೆ ಕಲ್ಲು, ಮಣ್ಣಿನ ಮುಚ್ಚಿಗೆ. ಬರಗಾಲ ಬರುವವರೆಗೆ ಅದರ ತಂಟೆಗೆ ಹೋಗುತ್ತಿರಲಿಲ್ಲ. ವರ್ಷಗಟ್ಟಲೆ ಕಳೆದರೂ ರಾಗಿ ಕೆಡುತ್ತಿರಲಿಲ್ಲ. ಅದೇ ರಾಗಿಯನ್ನು ಗಿರಣಿಗೆ ಹಾಕಿಸಿ ತಂದು ಎರಡು ತಿಂಗಳು ಮರೆತುಬಿಡಿ. ಡಬ್ಬಿ ಬಿಚ್ಚಿದಾಗ ಮುಗ್ಗು ವಾಸನೆ, ಬಲೆ ಕಟ್ಟಿದ ಹಿಟ್ಟು. ಕಾಳೂ ಅದೇ, ಮನೆಯೂ ಅದೇ. ಹೋದದ್ದು ಸಿಪ್ಪೆ.

ಲೆಕ್ಕದಲ್ಲೇ ನೋಡೋಣ. ಒಂದು ಸೋಯಾ ಕಾಳು ಸುಮಾರು 6 ಮಿಲಿಮೀಟರ್ ದಪ್ಪ. ಅದನ್ನು 0.06 ಮಿಲಿಮೀಟರಿನ ಕಣಗಳಾಗಿ ಬೀಸಿದರೆ ಒಂದು ಕಾಳಿಗೆ ಹತ್ತು ಲಕ್ಷ ಕಣ. ತೂಕ ಅಷ್ಟೇ ಉಳಿಯುತ್ತದೆ. ಗಾಳಿಗೆ ಮೈಯೊಡ್ಡುವ ಜಾಗ ಮಾತ್ರ ನೂರು ಪಟ್ಟಾಗುತ್ತದೆ. ತೇವ ಹೀರುವುದಕ್ಕೆ ನೂರು ಪಟ್ಟು ಬಾಗಿಲು, ವಾಸನೆ ಹಿಡಿಯುವುದಕ್ಕೆ ನೂರು ಪಟ್ಟು, ಬೆಂಕಿ ಹತ್ತುವುದಕ್ಕೂ ನೂರು ಪಟ್ಟು. ಎಣ್ಣೆ ತೆಗೆಯದ ಸೋಯಾ ಹಿಟ್ಟಿನಲ್ಲಿ ನೂರಕ್ಕೆ 20ರಷ್ಟು ಎಣ್ಣೆ ಇರುವುದರಿಂದ ಅದು ಬೇಗ ಕಮಟು ಹಿಡಿಯುತ್ತದೆ. ಎಣ್ಣೆ ತೆಗೆದದ್ದು ಅಷ್ಟು ಬೇಗ ಹಿಡಿಯದು. ಅದರ ತಾಪತ್ರಯ ಬೇರೆ, ಮುಂದೆ ಹೇಳುತ್ತೇನೆ.

ಸಿಪ್ಪೆಯ ಜೊತೆಗೆ ಇನ್ನೊಂದು ಹೋಗುತ್ತದೆ, ಅದು ನಮ್ಮ ಕಣ್ಣು. ಇದನ್ನು ಈ ಜಿಲ್ಲೆಗಳವರಿಗೆ ಕಡಲೆಕಾಯಿಯ ಮೂಲಕ ಹೇಳಿದರೆ ಬೇಗ ಅರ್ಥವಾಗುತ್ತದೆ. ಕಡಲೆಕಾಯಿ ಬೀಜ ಆರಿಸುವ ಹೆಂಗಸರ ಬೆರಳುಗಳನ್ನು ನೀವು ನೋಡಿದ್ದೀರಿ. ಸುಕ್ಕಿದ್ದು, ಕಪ್ಪಾದದ್ದು, ಬೂಷ್ಟು ಹಿಡಿದದ್ದು ಮಾತಾಡುತ್ತಾ ಆಡುತ್ತಾ ಪಕ್ಕಕ್ಕೆ ಬೀಳುತ್ತಿರುತ್ತದೆ. ಅದೇ ಕೆಟ್ಟ ಬೀಜ ಹಿಂಡಿಯ ಪುಡಿಯಾದ ಮೇಲೆ ಯಾವ ಬೆರಳಿಗೂ ಸಿಗದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತಾ ಹೋದರೆ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿ, ಅದರೊಳಗೆ ಬೂಷ್ಟು ಬಿಟ್ಟಿದ್ದ ವಿಷ. ಅಫ್ಲಟಾಕ್ಸಿನ್ ಎಂಬ ಹೆಸರು ಹುಟ್ಟಿದ್ದು ಆಗ. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಆರಂಭವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕಡಲೆಕಾಯಿ ಹಿಟ್ಟು ಮುಕ್ಕಾಲು ಪಾಲು, ಕಡಲೆ ಹಿಟ್ಟು ಕಾಲು ಪಾಲು ಬೆರೆಸಿ ಬಹೂಪಯೋಗಿ ಆಹಾರವೊಂದನ್ನು ರೂಪಿಸಿತ್ತು. ಮುಂದೆ ಕಡಲೆಕಾಯಿಯ ಪ್ರೋಟೀನನ್ನು ಹಾಲಿಗೆ ಸೇರಿಸಿ ‘ಮಿಲ್ಟೋನ್’ ಮಾಡಿತು. ಬಡವರ ಮಕ್ಕಳಿಗೆ ಪ್ರೋಟೀನು ಮುಟ್ಟಿಸುವ ದೊಡ್ಡ ಕನಸು ಅದು. ಆದರೆ ಆ ಬೂಷ್ಟು ಎಲ್ಲ ದೇಶಗಳ ಕಡಲೆಕಾಯಿ ಹಿಟ್ಟಿನ ಮೇಲೂ ನೆರಳು ಚೆಲ್ಲಿತು. ಸೋಯಾದಲ್ಲಿ ಆ ಬೂಷ್ಟಿನ ಕಾಟ ಕಡಲೆಕಾಯಿಯಷ್ಟಿಲ್ಲ, ನಿಜ. ಆದರೂ ಯಾವ ಪುಡಿಯಲ್ಲಾದರೂ ಕಣ್ಣಿಗೆ ಕಾಣದ್ದನ್ನು ಕಾಗದ ಹೇಳಬೇಕಾಗುತ್ತದೆ. ಚೀಲದ ಮೇಲಿನ ಬ್ಯಾಚ್ ನಂಬರು, ತಯಾರಾದ ದಿನ, ಪರೀಕ್ಷೆಯ ವರದಿ, ಇವು ಗುಮಾಸ್ತರ ಕಿರುಕುಳವಲ್ಲ. ಆರಿಸುವ ಹೆಂಗಸಿನ ಬೆರಳು ಮಾಡುತ್ತಿದ್ದ ಕೆಲಸವನ್ನೇ ಅವು ಮಾಡುತ್ತಿವೆ.

ಇನ್ನು ಗೋದಾಮಿಗೆ ಹೋಗೋಣ.

ಎಲ್ಲ ಚೀಲದ ಮೇಲೂ ಒಂದು ವಾಕ್ಯ ಅಚ್ಚಾಗಿರುತ್ತದೆ: ತಂಪಾದ, ಒಣಗಿದ ಜಾಗದಲ್ಲಿಡಿ. ತಯಾರಕರ ಹಾಳೆ ಬಿಡಿಸಿ ನೋಡಿದರೆ ಸಾಮಾನ್ಯವಾಗಿ 25 ಡಿಗ್ರಿಯೊಳಗೆ, ಗಾಳಿಯ ತೇವ ನೂರಕ್ಕೆ 60ರೊಳಗೆ ಎಂದಿರುತ್ತದೆ. ಮೇ ತಿಂಗಳ ಕಲ್ಯಾಣದುರ್ಗದಲ್ಲಿ 25 ಡಿಗ್ರಿ ಎಲ್ಲಿದೆ, ಯಾರಾದರೂ ತೋರಿಸಿ! ಹೊರಗೆ 40 ದಾಟಿದ ದಿನ ತಗಡಿನ ಸೂರಿನ ಕೆಳಗೆ ಅಟ್ಟಿಯ ಮೇಲಿನ ಚೀಲ ಮುಟ್ಟಿದರೆ ಕೈ ಹಿಂದಕ್ಕೆ ಬರುತ್ತದೆ. ಮಳೆ ಕಡಿಮೆ, ಹವೆ ಒಣ. ಹೀಗಾಗಿ ‘ನಮ್ಮ ಕಡೆ ಏನೂ ಕೆಡಲ್ಲ’ ಎಂಬ ಒಂದು ಧೈರ್ಯ ಈ ಸೀಮೆಯವರಲ್ಲಿದೆ. ಕಾಳಿನ ಮಟ್ಟಿಗೆ ಆ ಧೈರ್ಯ ಸರಿ. ಪುಡಿಯ ಮಟ್ಟಿಗೆ ಅದು ಅರ್ಧ ಸತ್ಯ.

ಬಿಸಿಯು ಪ್ರೋಟೀನ್ ಪುಡಿಯನ್ನು ಕೊಳೆಸುವುದಿಲ್ಲ, ಮುದಿಯಾಗಿಸುತ್ತದೆ. ತಿಂಗಳುಗಟ್ಟಲೆ ಕಾದ ಪುಡಿ ನೀರಿನಲ್ಲಿ ಮೊದಲಿನಂತೆ ಕರಗದು, ಗಂಟುಗಂಟಾಗಿ ತೇಲುತ್ತದೆ. ಜೊತೆಗೆ ಸಕ್ಕರೆಯೋ ಹಾಲಿನ ಪುಡಿಯೋ ಬೆರೆತಿದ್ದರೆ ಪ್ರೋಟೀನೂ ಸಕ್ಕರೆಯೂ ನಿಧಾನವಾಗಿ ಕೂಡಿಕೊಂಡು ಬಣ್ಣ ಕಂದಾಗುತ್ತದೆ. ರೊಟ್ಟಿ ಕೆಂಪಾಗುವುದು ಇದೇ ಕ್ರಿಯೆಯಿಂದ. ಹೆಂಚಿನ ಮೇಲೆ ಅರೆ ನಿಮಿಷದಲ್ಲಿ ಆಗುವುದು ಗೋದಾಮಿನಲ್ಲಿ ಅರೆ ವರ್ಷದಲ್ಲಿ ಆಗುತ್ತದೆ. ಆಗ ಮೊದಲು ಕೈತಪ್ಪುವುದು ಲೈಸಿನ್ ಎಂಬ ಅಂಶ. ಅಕ್ಕಿ, ಗೋಧಿ, ರಾಗಿಯಲ್ಲಿ ಕೊರತೆಯಿರುವುದೂ ಅದೇ, ಸೋಯಾ ಬೆರೆಸಿ ನಾವು ತುಂಬಿಕೊಳ್ಳಲು ಹೊರಟಿರುವುದೂ ಅದೇ. ಹುಳುವಿಲ್ಲ, ವಾಸನೆಯಿಲ್ಲ, ನೋಡಿದವರು ಚೆನ್ನಾಗಿದೆ ಎಂದೇ ಹೇಳುತ್ತಾರೆ. ಸತ್ವ ಸದ್ದಿಲ್ಲದೆ ಎದ್ದುಹೋಗಿರುತ್ತದೆ.

ಇದಕ್ಕೆ ಉಪಾಯವೇನು? ಏರ್ ಕಂಡೀಷನ್ ಹಾಕಿಸಿ ಎಂದು ನಾನು ಹೇಳುವುದಿಲ್ಲ. ಅನುಭವದಿಂದ ನಾನು ಕಂಡುಕೊಂಡದ್ದು ಇಷ್ಟು: ನಮ್ಮಂಥ ಸೀಮೆಯಲ್ಲಿ ಅತ್ಯಂತ ಅಗ್ಗದ ಶೀತಲಗೃಹವೆಂದರೆ ದಾಸ್ತಾನು ಮಾಡದಿರುವುದು. ಆರು ತಿಂಗಳ ಸರಕನ್ನು ಒಟ್ಟಿಗೆ ಇಳಿಸಿಕೊಂಡರೆ ಚೀಲಕ್ಕೆ ನಾಲ್ಕು ಕಾಸು ಉಳಿಯಬಹುದು. ಆದರೂ ಬೇಸಿಗೆಯಲ್ಲಿ ತಿಂಗಳಿಗಾಗುವಷ್ಟೇ ತರಿಸಿ. ಮೊದಲು ಬಂದದ್ದು ಮೊದಲು ಹೊರಡಲಿ. ತಗಡಿನ ಸೂರಿಗೂ ಚೀಲದ ಅಟ್ಟಿಗೂ ನಡುವೆ ಗಾಳಿ ಆಡಲಿ. ಬಿಸಿಲು ಬೀಳುವ ಪಡುವಣ ಗೋಡೆಗೆ ಚೀಲ ಆನಿಸಬೇಡಿ.

ತೇವದ ಮಾತು ಇನ್ನೊಂದು ತೆರ. ಸೆಪ್ಟೆಂಬರ್, ಅಕ್ಟೋಬರಿನ ಮಳೆ ಸುರಿದ ಸಂಜೆ ಕಾದ ತಗಡು ಒಮ್ಮೆಲೇ ತಣಿಯುತ್ತದೆ, ಒಳಮೈ ಬೆವರುತ್ತದೆ, ಹನಿ ಹನಿಯಾಗಿ ಚೀಲದ ಮೇಲೆ ತೊಟ್ಟಿಕ್ಕುತ್ತದೆ. ಸೂರು ಸೋರುತ್ತಿದೆ ಎಂದು ಗಾರೆಯವರನ್ನು ಕರೆಸಿ ಬೈದ ಮಾಲೀಕರನ್ನು ನಾನು ಕಂಡಿದ್ದೇನೆ. ಸೂರು ಸೋರುತ್ತಿರಲಿಲ್ಲ, ಬೆವರುತ್ತಿತ್ತು. ಇದೇ ಬೆವರು ಚೀಲದ ಒಳಗೂ ಆಗುತ್ತದೆ: ಬಿಸಿಯಾದ ಬದಿಯ ತೇವ ಎದ್ದು ತಣ್ಣಗಿನ ಬದಿಗೆ ಹೋಗಿ ಕೂರುತ್ತದೆ. ಅದಕ್ಕೇ ಗಂಟು ಕಟ್ಟುವುದು ಯಾವಾಗಲೂ ಮೂಲೆಯಲ್ಲಿ, ನೆಲಕ್ಕೋ ಗೋಡೆಗೋ ತಾಗಿದ ಕಡೆ. ನೆಲಕ್ಕೆ ಮರದ ಇಲ್ಲವೆ ಪ್ಲಾಸ್ಟಿಕ್ಕಿನ ಹಲಗೆ, ಗೋಡೆಯಿಂದ ಒಂದು ಮೊಳ ದೂರ. ಆ ಮೊಳದ ಸಂದಿನಲ್ಲಿ ಆಳು ನಡೆದುಹೋಗಬಹುದು, ಇಲಿಯ ಹಿಕ್ಕೆ ಕಾಣಬಹುದು, ಪೊರಕೆ ಆಡಬಹುದು.

ಗಂಟಿನಲ್ಲಿ ಎರಡು ಜಾತಿ. ಬೆರಳಲ್ಲಿ ಒತ್ತಿದರೆ ಉದುರುವ ಗಂಟು ಭಾರಕ್ಕೆ ಅಮುಕಿದ್ದು; ಅದರಿಂದ ತೊಂದರೆಯಿಲ್ಲ. ಒಡೆಯಲು ಬಲ ಬೇಕಾಗುವ, ಒಳಗೆ ಕಂದು ಬಣ್ಣದ, ಮೂಗಿಗೆ ಹಿಡಿದರೆ ಮುಗ್ಗು ವಾಸನೆ ಬರುವ ಗಂಟು ನೀರು ಕುಡಿದದ್ದು. ಹಿಂದೊಮ್ಮೆ ಒಂದು ಗೋದಾಮಿನಲ್ಲಿ ಈ ಎರಡನೆಯ ಜಾತಿಯ ಗಂಟನ್ನು ಗುದ್ದಿ, ಜರಡಿ ಹಿಡಿದು, ಮತ್ತೆ ಅದೇ ಚೀಲಕ್ಕೆ ಸುರಿಯುತ್ತಿದ್ದುದನ್ನು ನೋಡಿದೆ. ‘ಈಗ ನೋಡಿ ಸಾರ್, ಹೊಸದರ ಹಂಗೇ ಐತೆ’ ಎಂದು ಮೇಸ್ತ್ರಿ ಅಭಿಮಾನದಿಂದ ತೋರಿಸಿದ. ಒಂದು ಮೂಲೆಯಲ್ಲಿದ್ದ ಬೂಷ್ಟನ್ನು ಅವನು ಇಡೀ ಚೀಲಕ್ಕೆ ಹಂಚಿದ್ದ.

ಹಿಂದೂಪುರದವರಿಗೆ ಪ್ರತ್ಯೇಕವಾಗಿ ಒಂದು ಮಾತು. ಇದು ಬೆಲ್ಲ, ಹುಣಸೆಹಣ್ಣು, ಮೆಣಸಿನಕಾಯಿಯ ಮಂಡಿಗಳ ಊರು. ಖಾಲಿ ಇರುವ ಗೋದಾಮು ಸಿಕ್ಕಿತೆಂದು ಬೆಲ್ಲದ ಪಕ್ಕದಲ್ಲಿ ಸೋಯಾ ಪುಡಿ ಇಳಿಸಿದರೆ ಮಳೆಗಾಲದಲ್ಲಿ ಬೆಲ್ಲ ನೀರೊಡೆಯುತ್ತದೆ, ಇರುವೆ ಸಾಲು ಹಿಡಿಯುತ್ತದೆ, ಪಕ್ಕದ ಚೀಲ ತೇವ ಕುಡಿಯುತ್ತದೆ. ಮೆಣಸಿನಕಾಯಿ ಪಕ್ಕದಲ್ಲಿಟ್ಟರೆ ಬಿಸ್ಕತ್ತಿನಲ್ಲಿ ಘಾಟು. ಔಷಧಿ ಅಂಗಡಿಯವರು, ನಾನು ಹೇಳುವುದು ಹೊಲದ ಔಷಧಿ, ಅಂದರೆ ಕೀಟನಾಶಕ, ಒಂದೇ ಸೂರಿನಡಿ ಎರಡನ್ನೂ ಇಟ್ಟುಕೊಳ್ಳುವುದುಂಟು. ಅದು ಘಾಟಿನ ಪ್ರಶ್ನೆಯಲ್ಲ, ಪ್ರಾಣದ್ದು. ಅಲ್ಲಿ ರಾಜಿಯೇ ಇಲ್ಲ.

ಹುಳುವಿನ ವಿಚಾರ ಬೇಗ ಮುಗಿಸುತ್ತೇನೆ, ಮನೆಯಲ್ಲಿರುವ ಹೆಂಗಸರಿಗೆ ನನಗಿಂತ ಚೆನ್ನಾಗಿ ಗೊತ್ತು. ಕೆಂಪು ಹಿಟ್ಟಿನ ಹುಳುವಿಗೆ 30ರಿಂದ 35 ಡಿಗ್ರಿ ಎಂದರೆ ಸ್ವರ್ಗ. ಮೊಟ್ಟೆ ದೊಡ್ಡ ಹುಳುವಾಗಲು ಸುಮಾರು ಒಂದು ತಿಂಗಳು ಸಾಕು. ಅದು ಗಟ್ಟಿ ಕಾಳನ್ನು ಕೊರೆಯಲಾರದು, ಪುಡಿಯನ್ನೇ ಕಾಯುತ್ತದೆ. ಮಿತಿಮೀರಿ ಬೆಳೆದರೆ ಹಿಟ್ಟಿಗೆ ನಸುಗೆಂಪು ಬಣ್ಣ, ಮೂಗು ಚುಚ್ಚುವ ವಾಸನೆ. ಹುಳುವೇ ಬಿಡುವ ರಾಸಾಯನಿಕ ಅದು. ಜರಡಿ ಹಿಡಿದರೆ ಹುಳು ಹೋದೀತು, ಆ ರಾಸಾಯನಿಕ ಹೋಗದು. ಹಳೆಯ ಸರಕಿನ ಉದುರನ್ನು ಗುಡಿಸದೆ ಹೊಸದನ್ನು ಇಳಿಸುವುದೇ ಬಹುಪಾಲು ಕಾಟದ ಮೂಲ. ಹುಳು ಕೊಲ್ಲುವ ಹೊಗೆಮಾತ್ರೆ ಇಡುವ ಕೆಲಸ ತರಬೇತಿ ಪಡೆದವರದ್ದು. ಮನೆಯ ಡಬ್ಬಿಗೆ ಅದನ್ನು ಹಾಕಿ ಜೀವ ಕಳೆದುಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ.

ಈಗ ಮೂರನೆಯ ಭಾಗ, ಚೀಲ ಬಿಚ್ಚುವ ಕೈಗಳು. ಇಲ್ಲಿ ಸ್ವಲ್ಪ ನಿಧಾನಿಸಲು ಅಪ್ಪಣೆ ಬೇಡುತ್ತೇನೆ.

ನಿಮ್ಮಲ್ಲಿ ಅನೇಕರು ಬಯಲಾಟ ನೋಡಿದವರು. ರಾಕ್ಷಸ ಪಾತ್ರ ರಂಗಕ್ಕೆ ಬರುವಾಗ ಪಂಜಿಗೆ ರಾಳದ ಪುಡಿ ಎರಚುತ್ತಾರೆ. ಭಗ್ಗೆಂದು ಉರಿ ಆಳೆತ್ತರ ಏಳುತ್ತದೆ, ಮುಂದಿನ ಸಾಲಿನ ಮಕ್ಕಳು ಹಿಂದಕ್ಕೆ ಬೀಳುತ್ತಾರೆ. ಅದೇ ರಾಳದ ಗಟ್ಟಿಯನ್ನು ಬೆಂಕಿಗಿಟ್ಟರೆ ನಿಧಾನವಾಗಿ ಉರಿದು ಹೊಗೆಯಾಡುತ್ತದೆ. ವ್ಯತ್ಯಾಸ ಇರುವುದು ಗಾಳಿಯಲ್ಲಿ ಹರಡಿದ್ದರಲ್ಲಿ. ಗೋಧಿಹಿಟ್ಟು, ಸಕ್ಕರೆ, ಸೋಯಾ ಪುಡಿ, ಉರಿಯಬಲ್ಲ ಯಾವ ನುಣುಪು ಪುಡಿಯಾದರೂ ಮುಚ್ಚಿದ ಕೋಣೆಯಲ್ಲಿ ಸಾಕಷ್ಟು ದಟ್ಟವಾಗಿ ಎದ್ದಿದ್ದಾಗ ಒಂದು ಕಿಡಿ ಸಿಕ್ಕರೆ ರಾಳವಾಗುತ್ತದೆ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 1878ರ ಮೇ 2ರಂದು ಹಿಟ್ಟಿನ ಗಿರಣಿಯೊಂದು ಸಿಡಿದು 18 ಜನ ಸತ್ತರು. 2008ರ ಫೆಬ್ರವರಿ 7ರಂದು ಅದೇ ದೇಶದ ಜಾರ್ಜಿಯಾದ ಸಕ್ಕರೆ ಕಾರ್ಖಾನೆಯೊಂದರಲ್ಲಿ 14 ಜನ.

ಆದರೆ ನಮಗೆ ಹತ್ತಿರವಾದದ್ದು ಇವೆರಡಕ್ಕಿಂತ ಹಳೆಯದು. 1785ರ ಡಿಸೆಂಬರ್ 14ರ ಸಂಜೆ ಇಟಲಿಯ ತೊರಿನೊ ಪಟ್ಟಣದ ರೊಟ್ಟಿ ಅಂಗಡಿಯೊಂದರ ಹಿಟ್ಟಿನ ಕೋಣೆಯಲ್ಲಿ ಹುಡುಗನೊಬ್ಬ ದೀಪದ ಬೆಳಕಿನಲ್ಲಿ ಹಿಟ್ಟು ತೋಡುತ್ತಿದ್ದ. ಹಿಟ್ಟಿನ ರಾಶಿ ಕುಸಿಯಿತು, ದೂಳು ಎದ್ದಿತು, ದೀಪಕ್ಕೆ ತಾಗಿ ಸಿಡಿಯಿತು. ಹುಡುಗನ ಮುಖ, ತೋಳು ಸುಟ್ಟವು. ಕೌಂಟ್ ಮೊರೊಜ್ಜೊ ಎಂಬಾತ ಆ ಘಟನೆಯನ್ನು ಪರಿಶೀಲಿಸಿ ಬರೆದ. ಅವನು ಗಮನಿಸಿದ ಒಂದು ಅಂಶಕ್ಕಾಗಿಯೇ ನಾನು ಈ ಕತೆ ತಂದದ್ದು: ಆ ಸೀಮೆಯಲ್ಲಿ ಐದಾರು ತಿಂಗಳಿಂದ ಮಳೆಯಿರಲಿಲ್ಲ, ಹಿಟ್ಟು ಎಂದಿಗಿಂತ ಒಣಗಿತ್ತು. ಐದಾರು ತಿಂಗಳು ಮಳೆಯಿಲ್ಲದ್ದನ್ನು ಆತ ವಿಶೇಷವೆಂದು ಬರೆದ. ನಮ್ಮ ಅನಂತಪುರ ಸೀಮೆಯಲ್ಲಿ ಅದು ವರ್ಷ ವರ್ಷದ ವಾಡಿಕೆ! ಒಣ ಹವೆಯಲ್ಲಿ ಪುಡಿ ಬೇಗ ಏಳುತ್ತದೆ, ಪ್ಲಾಸ್ಟಿಕ್ ಚೀಲ ಕೊಡವಿದರೆ ಚಟಚಟ ಎನ್ನುತ್ತದೆ. ಯಂತ್ರಕ್ಕೆ ನೆಲತಂತಿ ಜೋಡಿಸಬೇಕೆಂದು ಹೇಳುವುದು ಆ ಚಟಚಟದ ಕಿಡಿಗೇ.

ಒಂದೆರಡು ಚೀಲ ಬಿಚ್ಚುವ ಅಂಗಡಿಯವರು ಹೆದರಬೇಕಾದ್ದಿಲ್ಲ. ಸಿಡಿಯುವಷ್ಟು ದಟ್ಟವಾದ ದೂಳಿನಲ್ಲಿ ಎರಡು ಮೀಟರ್ ಆಚೆಯ 25 ವ್ಯಾಟಿನ ಬಲ್ಬೂ ಕಾಣದು. ಅಂಥ ಮೋಡ ಏಳುವುದು ಯಂತ್ರದೊಳಗೆ, ಕೊಳವೆಯೊಳಗೆ. ಭಯ ಇರುವುದು ವರ್ಷಗಳಿಂದ ತೊಲೆಯ ಮೇಲೆ, ಟ್ಯೂಬ್‌ಲೈಟಿನ ಮೇಲೆ ಕೂತ ಪುಡಿಯಲ್ಲಿ. ಯಂತ್ರದೊಳಗಿನ ಸಣ್ಣ ಸಿಡಿತಕ್ಕೆ ಅದು ಉದುರಿ ಮೋಡವಾದರೆ ಎರಡನೆಯ ಸಿಡಿತ ಕಟ್ಟಡವನ್ನೇ ಕೆಡಹುತ್ತದೆ. ಜನ ಸಾಯುವುದು ಬಹುಮಟ್ಟಿಗೆ ಆ ಎರಡನೆಯದರಲ್ಲಿ. ಹಾಗಾಗಿ ಗಾಳಿಯ ಪೈಪು ಹಿಡಿದು ದೂಳು ಊದುವುದು ಸ್ವಚ್ಛತೆಯಲ್ಲ. ಹೀರುವ ಯಂತ್ರ ಬೇಕು, ಅದೂ ಇಂಥ ದೂಳಿಗೆಂದೇ ಮಾಡಿದ್ದು. ಇಲ್ಲದಿದ್ದರೆ ಮೆತ್ತಗೆ ಗುಡಿಸಬೇಕು. ಪುಡಿ ಎದ್ದಿರುವಾಗ ವೆಲ್ಡಿಂಗ್ ಬೇಡ, ಬೀಡಿ ಬೇಡ.

ಬೆಂಕಿಯ ಮಾತು ಅಪರೂಪದ್ದು, ಉಸಿರಿನದು ದಿನನಿತ್ಯದ್ದು. ಸ್ಪೇನಿನ ಬಾರ್ಸಿಲೋನಾ ನಗರದಲ್ಲಿ 1981ರಿಂದ 1987ರವರೆಗೆ ಕೆಲವು ದಿನ ಇದ್ದಕ್ಕಿದ್ದಂತೆ ಆಸ್ಪತ್ರೆಗಳು ಉಬ್ಬಸದ ರೋಗಿಗಳಿಂದ ತುಂಬಿಹೋಗುತ್ತಿದ್ದವು. ಅಂಥ 26 ದಿನಗಳನ್ನು ಲೆಕ್ಕ ಹಾಕಿದ ವೈದ್ಯರು ಬಂದರಿನ ದಫ್ತರಗಳನ್ನು ಪಕ್ಕದಲ್ಲಿಟ್ಟು ನೋಡಿದರು. ಆ ಎಲ್ಲ ದಿನಗಳಲ್ಲೂ ಹಡಗಿನಿಂದ ಸೋಯಾ ಕಾಳು ಇಳಿಯುತ್ತಿತ್ತು. ದೂಳು ಹಿಡಿಯುವ ಜಾಲರಿಯಿಲ್ಲದ ಕಣಜವೊಂದರಿಂದ ಸೋಯಾ ಸಿಪ್ಪೆಯ ದೂಳು ಊರ ಮೇಲೆ ಹರಡುತ್ತಿತ್ತು. ಜಾಲರಿ ಹಾಕಿಸಿದ ಮೇಲೆ ಉಬ್ಬಸದ ಆ ಅಲೆಗಳು ನಿಂತವು. ಕಾಳು ಇಳಿಸುವುದರಿಂದಲೇ ಒಂದು ನಗರಕ್ಕೆ ಉಸಿರು ಕಟ್ಟಿತೆಂದರೆ, ದಿನವೂ ಪುಡಿ ಸುರಿಯುವ ಹಮಾಲಿಯ ಎದೆಯ ಪಾಡೇನು? ಹೆಗಲ ಟವೆಲ್ಲು ಮೂಗಿಗೆ ಸುತ್ತಿಕೊಂಡರೆ ದಪ್ಪ ದೂಳು ನಿಲ್ಲುತ್ತದೆ, ಸಣ್ಣದು ನಿಲ್ಲದು. ಕೊರೋನಾ ಕಾಲದಲ್ಲಿ ನಾವೆಲ್ಲ ಕಲಿತ ಎನ್-95 ಮಾಸ್ಕು ಇದಕ್ಕೆ ತಕ್ಕದ್ದು. ಚೀಲವನ್ನು ಎತ್ತರದಿಂದ ಸುರಿಯದೆ ಬಾಯಿಯನ್ನು ಪಾತ್ರೆಯೊಳಗೇ ಇಳಿಸಿ ಬಾಗಿಸಬೇಕು, ಖಾಲಿ ಚೀಲ ಕೊಡವಬಾರದು. ಕೆಲಸಕ್ಕೆ ಸೇರಿದ ಮೇಲೆ ಕೆಮ್ಮು ಶುರುವಾಗಿ ರಜೆಯ ದಿನ ಕಡಿಮೆಯಾಗುವವರಿದ್ದರೆ ‘ಅಭ್ಯಾಸ ಆಗ್ತದೆ ಬಿಡು’ ಎನ್ನಬೇಡಿ. ಅಲರ್ಜಿ ಅಭ್ಯಾಸವಾಗುವುದಿಲ್ಲ, ಬೆಳೆಯುತ್ತದೆ.

ನಮ್ಮ ಹಿರಿಯರಿಗೆ ಈ ಎಚ್ಚರ ಇರಲಿಲ್ಲವೆಂದಲ್ಲ. ಹಗೇವು ಬಿಚ್ಚಿದ ತಕ್ಷಣ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಬಿಡುತ್ತಿದ್ದರು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆಯೆಂದು ಕಾಯುತ್ತಿದ್ದರು. ಕಾಳು ಉಸಿರಾಡಿ ಗಾಳಿಯನ್ನು ಮುಗಿಸಿರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಪುಡಿಯ ಕೋಣೆಗೆ ದೀಪ ಇಳಿಸುವಂತಿಲ್ಲ, ತೊರಿನೊದ ಹುಡುಗನ ಕತೆ ಕೇಳಿದಿರಿ.

ಕೊನೆಗೆ ಅಡುಗೆಮನೆ. ಒಣ ಪುಡಿಯಲ್ಲಿ ರೋಗಾಣು ಬೆಳೆಯುವುದಿಲ್ಲ, ಆದರೆ ಸಾಯುವುದೂ ಇಲ್ಲ. ಸಾಲ್ಮೊನೆಲ್ಲಾದಂಥವು ತಿಂಗಳುಗಟ್ಟಲೆ ಮಲಗಿರುತ್ತವೆ. ನೀರು ಬಿದ್ದ ಗಳಿಗೆಯಿಂದ ಅದು ಪುಡಿಯಲ್ಲ, ಹಾಲು ಎಂದು ತಿಳಿಯಿರಿ. ಕಲಸಿದ್ದನ್ನು ಆಗಲೇ ಕುಡಿಯಬೇಕು ಇಲ್ಲವೆ ಫ್ರಿಜ್ಜಿನಲ್ಲಿಡಬೇಕು. ಒದ್ದೆ ಚಮಚ ಡಬ್ಬಿಗೆ ಇಳಿಯಬಾರದು. ಉಪ್ಪಿನಕಾಯಿ ಜಾಡಿಗೆ ನಮ್ಮ ಅಜ್ಜಿಯರು ಮಾಡಿದ ಕಾನೂನೇ ಇದಕ್ಕೂ ಅನ್ವಯ. ನಮ್ಮ ದೇಶದ ಆಹಾರ ನಿಯಮಗಳಲ್ಲಿ ಪೊಟ್ಟಣದ ಮೇಲೆ ಘೋಷಿಸಲೇಬೇಕಾದ ಅಲರ್ಜಿ ಪದಾರ್ಥಗಳ ಪಟ್ಟಿಯಿದೆ. ಸೋಯಾ ಅದರಲ್ಲಿದೆ, ಕಡಲೆಕಾಯಿಯೂ ಇದೆ. ಆದರೆ ಪೊಟ್ಟಣ ಕತ್ತರಿಸಿ ಡಬ್ಬಿಗೆ ಸುರಿದ ಕ್ಷಣ ಆ ಘೋಷಣೆ ಕಸದ ಬುಟ್ಟಿ ಸೇರುತ್ತದೆ.

ಈ ಕಡೆಯ ಒಂದು ಶಾಲೆಯ ಅಡುಗೆಮನೆಗೆ ಹೋಗಿದ್ದೆ. ಸಾಲಾಗಿ ಮೂರು ಸ್ಟೀಲ್ ಡಬ್ಬಿ: ಕಡಲೆಹಿಟ್ಟು, ಸೋಯಾ ಹಿಟ್ಟು, ರಾಗಿ ಜಾವೆಯ ಪುಡಿ. ಮೇಲೆ ಏನೂ ಬರೆದಿಲ್ಲ. ಅಡುಗೆಯಮ್ಮ ಕನ್ನಡದವರು. ‘ಹೆಂಗಮ್ಮ ಗೊತ್ತಾಗುತ್ತೆ?’ ಎಂದೆ. ‘ಮೂಗಿಲ್ವಾ ಸಾರ್’ ಎಂದರು. ಕಣ್ಣು ಮುಚ್ಚಿಸಿ ಪರೀಕ್ಷೆ ಮಾಡಿದೆ. ಮೂರನ್ನೂ ಸರಿಯಾಗಿ ಹೇಳಿದರು, ಸೋಯಾ ತಂದು ಎಷ್ಟು ದಿನ ಆಯಿತೆಂಬುದನ್ನೂ ಹೇಳಿದರು. ‘ನೀವು ರಜಾ ಹಾಕಿದ ದಿನ?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಟೀಚರ ಮೇಜಿನಿಂದ ಮಾರ್ಕರ್ ಪೆನ್ನು ತಂದರು. ‘ಯಾವ ಭಾಷೇಲಿ ಬರೀಲಿ ಸಾರ್?’

‘ನಿಮ್ಮ ಬದಲಿಗೆ ಬರೋರು ಯಾವ್ದು ಓದ್ತಾರೆ?’

‘ಆಯಮ್ಮ ಬರೇ ತೆಲುಗು.’

ಡಬ್ಬಿಯ ಮೇಲೆ ಹೆಸರು, ಬಿಚ್ಚಿದ ತಾರೀಖು, ಎರಡನ್ನೂ ತೆಲುಗಿನಲ್ಲಿ ಬರೆದರು.